ಅಪರಾಧ ವರ್ತನೆಯ ಜೈವಿಕ ವಿವರಣೆಗಳು: ಹಾವೇರಿ ಸೀಮೆಯ ಹಿನ್ನೆಲೆಯಲ್ಲಿ

ಮನುಷ್ಯ ಕಾನೂನು ಮುರಿಯುವುದಕ್ಕೆ ಅವನ ದೇಹರಚನೆ, ಅನುವಂಶೀಯತೆ, ಮಿದುಳು, ಹಾರ್ಮೋನು ಮುಂತಾದವುಗಳಲ್ಲಿ ಕಾರಣ ಹುಡುಕುವ ಸಿದ್ಧಾಂತಗಳನ್ನು ಒಟ್ಟಾಗಿ ಅಪರಾಧದ ಜೈವಿಕ ವಿವರಣೆಗಳು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ತಲೆಬುರುಡೆ ಅಳೆಯುವುದರಿಂದ ಶುರುವಾದ ಈ ಹುಡುಕಾಟ ಇಂದು ವಂಶವಾಹಿ ಹಾಗೂ ಮಿದುಳಿನ ಚಿತ್ರಣದವರೆಗೆ ಬಂದಿದೆ. ಅಪರಾಧಶಾಸ್ತ್ರದಲ್ಲಿ ಇದಕ್ಕೆ ಎದುರಾಗಿ ಬಡತನ, ಸಹವಾಸ, ಶಿಕ್ಷಣ, ಪೊಲೀಸ್ ವ್ಯವಸ್ಥೆಗಳನ್ನು ಮುಂದಿಡುವ ಸಾಮಾಜಿಕ ವಿವರಣೆಗಳಿವೆ. ಜನರ ಮಾತಿನಲ್ಲೂ ಎರಡೂ ಪಕ್ಷಗಳಿವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವವರೇ ಇನ್ನೊಂದು ಗಳಿಗೆಗೆ ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಇಂದು ಹಾವೇರಿ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಜಿಲ್ಲೆ ಬೇರೆಯಾಗುವವರೆಗೆ ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಸ್ವಾತಂತ್ರ್ಯಕ್ಕೆ ಮುಂಚೆ ಆ ಜಿಲ್ಲೆ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಹುಟ್ಟಿನಿಂದಲೇ ಅಪರಾಧಿ ಎಂಬ ಕಲ್ಪನೆ ಈ ಸೀಮೆಗೆ ಬಂದದ್ದು ವಿಜ್ಞಾನದ ಪುಸ್ತಕದ ಮೂಲಕ ಅಲ್ಲ, ಪೊಲೀಸ್ ಕಾನೂನಿನ ಮೂಲಕ. ಹಾಗಾಗಿ ಈ ವಿಷಯದ ಚರಿತ್ರೆಯನ್ನು ಇಲ್ಲಿಂದ ನೋಡಿದಾಗ ಪ್ರಯೋಗಾಲಯದಷ್ಟೇ ಮುಖ್ಯವಾಗಿ ಠಾಣೆಯ ಹಾಜರಿ ಪುಸ್ತಕವೂ ಎದುರಾಗುತ್ತದೆ.

ಅಪರಾಧ ಎಂಬ ವರ್ಗ

ಜೈವಿಕ ವಿವರಣೆಗಳ ಮುಂದಿರುವ ಮೊದಲ ತೊಡಕು ಅಪರಾಧದ ವ್ಯಾಖ್ಯೆಯದು. ಜ್ವರ, ಮಧುಮೇಹಗಳ ಹಾಗೆ ಅಪರಾಧ ದೇಹದ ಸ್ಥಿತಿಯಲ್ಲ. ಕಾನೂನು ಯಾವುದನ್ನು ನಿಷೇಧಿಸುತ್ತದೋ ಅದು ಅಪರಾಧ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರು. 1943ರ ಏಪ್ರಿಲ್ 1ರಂದು ಹಾವೇರಿ ಸಮೀಪದ ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣವನ್ನು ಕಾವಲಿನಲ್ಲಿಟ್ಟಿದ್ದ ಜಾಗದ ಮೇಲೆ ದಾಳಿ ಮಾಡಿದಾಗ ಅವರೂ, ಜೊತೆಗಿದ್ದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಪೊಲೀಸರ ಗುಂಡಿಗೆ ಬಲಿಯಾದರು. ಅಂದಿನ ದಂಡಸಂಹಿತೆಯ ಪ್ರಕಾರ ಅದು ದರೋಡೆ. ನಾಲ್ಕು ವರ್ಷದ ಬಳಿಕದ ಭಾರತದಲ್ಲಿ ಅದೇ ಕೃತ್ಯ ಹುತಾತ್ಮರ ಸಾಹಸ. ಈ ನಡುವೆ ಬದಲಾದದ್ದು ಯಾರ ರಕ್ತವೂ ಅಲ್ಲ, ರಾಜ್ಯಾಧಿಕಾರ.

ಸನ್ನಿವೇಶದ ಪಾಲೂ ಇದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಏಕಾಏಕಿ ಕುಸಿದಾಗ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಮಾಲು ಇಳಿಸಿ ದರಕ್ಕಾಗಿ ಕಾದವರಲ್ಲೇ ಕೆಲವರು ಪೊಲೀಸ್ ದಾಖಲೆಯಲ್ಲಿ ಆರೋಪಿಗಳಾದರು. ಗುಂಪಿನ ಇಂಥ ಸಿಟ್ಟನ್ನು ಒಬ್ಬೊಬ್ಬರ ಹುಟ್ಟುಗುಣದಿಂದ ವಿವರಿಸಲು ಬರುವುದಿಲ್ಲ. ಈ ಕಾರಣಕ್ಕೇ ಇಂದಿನ ಸಂಶೋಧಕರು ಅಪರಾಧದ ಬದಲು ಆಕ್ರಮಣಶೀಲತೆ, ಮುಂಗೋಪ, ಯೋಚಿಸದೆ ಕೈಹಾಕುವ ಸ್ವಭಾವ, ಸಮಾಜವಿರೋಧಿ ವರ್ತನೆ ಮುಂತಾದ ಅಳೆಯಬಹುದಾದ ಲಕ್ಷಣಗಳನ್ನು ಅಧ್ಯಯನಕ್ಕೆ ಎತ್ತಿಕೊಳ್ಳುತ್ತಾರೆ.

ಹುಟ್ಟು ಅಪರಾಧಿಯ ಸಿದ್ಧಾಂತ

ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಪರಾಧಿಗಳು ಮಾನವ ವಿಕಾಸದ ಹಿಂದಿನ ಹಂತಕ್ಕೆ ಮರಳಿದವರು ಎಂದು ವಾದಿಸಿದ. ವಿಲ್ಲೆಲ್ಲಾ ಎಂಬ ಕಳ್ಳನ ತಲೆಬುರುಡೆಯ ಹಿಂಬದಿಯಲ್ಲಿ ಕಂಡ ಒಂದು ತಗ್ಗು ಅವನ ಸಿದ್ಧಾಂತಕ್ಕೆ ಬುನಾದಿಯಾಯಿತು. ಚಾಚಿದ ದವಡೆ, ದೊಡ್ಡ ಕಿವಿ, ಉದ್ದ ತೋಳು, ನೋವು ಅಷ್ಟಾಗಿ ತಟ್ಟದಿರುವುದು ಅವನ ಪಟ್ಟಿಯಲ್ಲಿದ್ದ ಗುರುತುಗಳು. ಮುಂದೆ ಅವನೇ ಸಿದ್ಧಾಂತವನ್ನು ಸಡಿಲಿಸಿ, ಹುಟ್ಟು ಅಪರಾಧಿಗಳು ಒಟ್ಟು ಅಪರಾಧಿಗಳಲ್ಲಿ ಒಂದು ಭಾಗ ಮಾತ್ರ ಎಂದ.

ಲೊಂಬ್ರೋಸೊ ಜೈಲಿನಲ್ಲಿದ್ದವರನ್ನು ಹೊರಗಿನವರೊಡನೆ ಸರಿಯಾಗಿ ಹೋಲಿಸಿರಲಿಲ್ಲ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ಸೈನಿಕರು ಮತ್ತು ವಿದ್ಯಾರ್ಥಿಗಳೇ ಮೊದಲಾದವರ ಅಳತೆಗಳ ಪಕ್ಕದಲ್ಲಿಟ್ಟು 1913ರಲ್ಲಿ ವರದಿ ಕೊಟ್ಟ. ಅಪರಾಧಿಗೆಂದೇ ಬೇರೆಯಾದ ದೇಹಮಾದರಿ ಇಲ್ಲ ಎಂಬುದು ಅವನ ತೀರ್ಮಾನ. ಆದರೂ ಕೈದಿಗಳ ಬುದ್ಧಿಮಟ್ಟ ಕಡಿಮೆಯೆಂದೂ ಅದು ವಂಶದಿಂದ ಬಂದದ್ದೆಂದೂ ಅವನು ನಂಬಿದ್ದ. 1940ರ ದಶಕದಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಮೈಕಟ್ಟಿಗೂ ಬಾಲಾಪರಾಧಕ್ಕೂ ಗಂಟು ಹಾಕಿದ. ಗಟ್ಟಿಮುಟ್ಟಾದ ಹುಡುಗ ಜಗಳದಲ್ಲಿ ಗೆಲ್ಲುತ್ತಾನೆ ಎಂಬ ಸರಳ ಕಾರಣವೂ ಆ ಅಂಕಿಅಂಶಕ್ಕೆ ಸಾಕಾಗುತ್ತದೆ ಎಂದು ಟೀಕಾಕಾರರು ತೋರಿಸಿದರು.

ಈ ವಿಚಾರಗಳ ಬೆಲೆ ತೆತ್ತವರು ಬಹಳ. ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲಿ ಅಪರಾಧಿಗಳೂ ಸೇರಿದಂತೆ 'ಅಯೋಗ್ಯ'ರೆನಿಸಿದವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡಿಸುವ ಕಾನೂನು ತಂದಿತು. ಬೇರೆ ರಾಜ್ಯಗಳು ಅದೇ ದಾರಿ ಹಿಡಿದವು. ಭಾರತದಲ್ಲಿ ಅದೇ ನಂಬಿಕೆ ಬೇರೆ ರೂಪ ತಾಳಿತ್ತು.

ಅಪರಾಧಿ ಬುಡಕಟ್ಟುಗಳ ಕಾಯ್ದೆ

ಲೊಂಬ್ರೋಸೊನ ಗ್ರಂಥಕ್ಕೆ ಐದು ವರ್ಷ ಮುಂಚೆಯೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಜಾರಿಗೆ ತಂದಿತು. ಅದರ ಹಿಂದಿನ ತರ್ಕಕ್ಕೆ ತಲೆಬುರುಡೆ ಬೇಕಿರಲಿಲ್ಲ, ಜಾತಿ ಪದ್ಧತಿ ಸಾಕಾಗಿತ್ತು. ನೇಕಾರನ ಮಗ ನೇಕಾರ, ಬಡಿಗನ ಮಗ ಬಡಿಗ ಆಗುವ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗಬೇಕು ಎಂಬುದು ಮಸೂದೆಯ ಚರ್ಚೆಯಲ್ಲಿ ಕೇಳಿಬಂದ ವಾದ. ಮೊದಲು ಉತ್ತರ ಭಾರತದ ಪ್ರಾಂತ್ಯಗಳಲ್ಲಿದ್ದ ಕಾಯ್ದೆ 1911ರ ಹೊಸ ರೂಪದಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. 1924ರಲ್ಲಿ ಅದನ್ನು ಮತ್ತೆ ಕ್ರೋಡೀಕರಿಸಲಾಯಿತು.

ಬಾಂಬೆ ಪ್ರಾಂತ್ಯದಲ್ಲಿ ಇದಕ್ಕೆ ನೆಲ ಹದಗೊಳಿಸಿದ್ದು ಸರ್ಕಾರಿ ಬರವಣಿಗೆ. 1884ರ ಧಾರವಾಡ ಜಿಲ್ಲಾ ಗೆಜೆಟಿಯರು ಜನರನ್ನು ಜಾತಿ, ಕಸುಬುಗಳ ಪ್ರಕಾರ ಪಟ್ಟಿ ಮಾಡಿತು. ಪ್ರಾಂತ್ಯದ ಪೊಲೀಸ್ ಅಧಿಕಾರಿ ಎಂ. ಕೆನೆಡಿ 1908ರಲ್ಲಿ ಹೊರತಂದ ಕೈಪಿಡಿ ಗಂಟಿಚೋರ, ಕೈಕಾಡಿ, ಲಮಾಣಿ, ವಡ್ಡರ, ಪಾರಧಿ, ಛಪ್ಪರಬಂದ್ ಮುಂತಾದ ಸಮುದಾಯಗಳನ್ನು ಒಂದೊಂದು ಬಗೆಯ ಅಪರಾಧಕ್ಕೆ ಗಂಟುಹಾಕಿ ವಿವರಿಸಿತು. ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೇಲೆ ಹರಿಹರಕ್ಕೆ ಹೋಗುವ ರೈಲು ಮಾರ್ಗ, ವಾರದ ಸಂತೆಗಳು, ಜಾತ್ರೆಗಳು ಇವೆಲ್ಲ ಅಲೆಮಾರಿಗಳು ಓಡಾಡುವ ಜಾಗಗಳು. ಪೊಲೀಸರ ಕಣ್ಣಿಗೆ ಅವೇ ಅನುಮಾನದ ಜಾಗಗಳು. ರೈಲು, ರಸ್ತೆ ಬಂದು ಉಪ್ಪು, ಧಾನ್ಯ ಸಾಗಿಸುವ ಎತ್ತಿನ ಹೇರಿನ ವ್ಯಾಪಾರ ಬಿದ್ದುಹೋದದ್ದು, ಅರಣ್ಯ ಕಾನೂನು ಬಂದು ಬೇಟೆ, ಮೇವು, ಬಿದಿರಿಗೆ ಅಡ್ಡಿಯಾದದ್ದು ಈ ಕೈಪಿಡಿಗಳ ವಾದದಲ್ಲಿ ತೂಕ ಪಡೆಯಲಿಲ್ಲ.

ಕಾಯ್ದೆಯ ಕೆಲಸದ ಬಗೆ ಹೀಗಿತ್ತು. ಸರ್ಕಾರ ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟು ಎಂದು ಅಧಿಸೂಚನೆ ಹೊರಡಿಸಿದರೆ ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿರಲಿಲ್ಲ. ಅದರ ಸದಸ್ಯರ ಹೆಸರು ನೋಂದಣಿಯಾಗುತ್ತಿತ್ತು, ಬೆರಳಚ್ಚು ತೆಗೆದುಕೊಳ್ಳಲಾಗುತ್ತಿತ್ತು. ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕು. ಊರು ಬಿಡಬೇಕಾದರೆ ಪಾಸು ಬೇಕು. ನೋಂದಾಯಿತರು ತಪ್ಪಿಸಿಕೊಂಡರೆ ಸುದ್ದಿ ಮುಟ್ಟಿಸುವ ಹೊಣೆ ಊರ ಪಾಟೀಲನ ಮೇಲೂ ಕಾವಲುಗಾರನ ಮೇಲೂ ಇತ್ತು. ಎರಡನೆಯ ಸಲ ಶಿಕ್ಷೆಯಾದರೆ ಇತರರಿಗಿಂತ ಹೆಚ್ಚಿನ ಜೈಲು. ಒಬ್ಬ ವ್ಯಕ್ತಿ ಏನೂ ಮಾಡಿರದಿದ್ದರೂ ಇಂಥವರ ಮನೆಯಲ್ಲಿ ಹುಟ್ಟಿದ್ದೇ ನೋಂದಣಿಗೆ ಸಾಕಾಗುತ್ತಿತ್ತು.

ಸೆಟ್ಲಮೆಂಟುಗಳು

ನಿಗಾ ಸಾಲದು, ಸುಧಾರಣೆಯೂ ಬೇಕು ಎಂಬ ನೀತಿಯಿಂದ ಸೆಟ್ಲಮೆಂಟುಗಳು ಹುಟ್ಟಿದವು. ಬಾಂಬೆ ಪ್ರಾಂತ್ಯದಲ್ಲಿ ಇವುಗಳ ಉಸ್ತುವಾರಿ ಹೊತ್ತವರು ಒ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ. ಕನ್ನಡ ನಾಡಿನ ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರಗಳಲ್ಲಿ, ಗಡಿಯಾಚೆಯ ಸೊಲ್ಲಾಪುರದಲ್ಲಿ ಸೆಟ್ಲಮೆಂಟುಗಳಿದ್ದವು. ತಂತಿ ಬೇಲಿಯ ಒಳಗೆ ಸಾಲು ಗುಡಿಸಲು, ದಿನದ ಹಾಜರಿ, ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಹತ್ತಿಯ ಗಿರಣಿ ಅಥವಾ ರೈಲ್ವೆ ಕಾರ್ಖಾನೆಯಲ್ಲಿ ದುಡಿಮೆ. ಸರಿಯಾಗಿ ನಡೆದುಕೊಂಡವರಿಗೆ ಬೇಲಿಯ ಹೊರಗೆ ವಾಸ, ಆಮೇಲೆ ಬಿಡುಗಡೆಯ ಕಾಲೊನಿ. ಬೆಳೆಯುತ್ತಿದ್ದ ಗಿರಣಿಗಳಿಗೆ ಇದರಿಂದ ಓಡಿಹೋಗಲಾರದ ಕೂಲಿಯಾಳುಗಳು ಸಿಕ್ಕರು ಎಂಬುದನ್ನೂ ಚರಿತ್ರಕಾರರು ಗುರುತಿಸಿದ್ದಾರೆ. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿ ನೆಲೆನಿಂತ ಗಂಟಿಚೋರರು ಗಿರಣಿ ವಡ್ಡರರೆಂದೂ ಗುರುತಿಸಿಕೊಂಡರು.

ಸೆಟ್ಲಮೆಂಟಿನ ವ್ಯವಸ್ಥೆಯಲ್ಲೇ ಹುಟ್ಟಿನ ಸಿದ್ಧಾಂತಕ್ಕೆ ಉತ್ತರವಿತ್ತು. ಆರರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಬೇರೆಡೆ ಬೆಳೆಸುವ ಅಧಿಕಾರವನ್ನು ಕಾಯ್ದೆ ಕೊಟ್ಟಿತ್ತು. ಕಳ್ಳತನ ರಕ್ತದಲ್ಲಿದ್ದಿದ್ದರೆ ಮಕ್ಕಳನ್ನು ಬೇರೆ ಮಾಡಿ ಪ್ರಯೋಜನವಿರಲಿಲ್ಲ. ಶಾಲೆ, ಕೂಲಿ, ಮನೆ ಕೊಟ್ಟು ತಿದ್ದುವ ಯೋಜನೆಗೂ ಅರ್ಥವಿರಲಿಲ್ಲ. ಬಾಯಲ್ಲಿ ಹುಟ್ಟನ್ನು ಹೇಳಿದ ಕಾನೂನು ಕೈಯಲ್ಲಿ ಬೆಳೆಸುವ ಬಗೆಯ ಮೇಲೆ ಪಣ ಕಟ್ಟಿತ್ತು. ಈ ಒಡಕನ್ನು ಅಧಿಕಾರಿಗಳು ಬಿಡಿಸಿಕೊಳ್ಳಲಿಲ್ಲ, ಏಕೆಂದರೆ ಆಡಳಿತಕ್ಕೆ ಎರಡೂ ಉಪಯೋಗಕ್ಕೆ ಬರುತ್ತಿದ್ದವು: ಹುಟ್ಟಿನ ಮಾತು ಇಡೀ ಸಮುದಾಯವನ್ನು ಹಿಡಿದಿಡಲು, ಬೆಳೆಸುವ ಮಾತು ದುಡಿಸಿಕೊಳ್ಳಲು.

ಕಾಯ್ದೆಯ ಮರುಪರಿಶೀಲನೆಗೆ ಬಾಂಬೆಯ ಕಾಂಗ್ರೆಸ್ ಸರ್ಕಾರ 1937ರಲ್ಲಿ ಕೆ.ಎಂ. ಮುನ್ಶಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1949ರಲ್ಲಿ ಬಾಂಬೆ ಪ್ರಾಂತ್ಯದಲ್ಲಿ ಕಾಯ್ದೆ ರದ್ದಾಯಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಮೇಲೆ 1952ರ ಆಗಸ್ಟ್ 31ರಿಂದ ದೇಶದಾದ್ಯಂತ ಅದು ಇಲ್ಲವಾಯಿತು. ಅಂದಿನಿಂದ ಈ ಸಮುದಾಯಗಳಿಗೆ ವಿಮುಕ್ತ ಎಂಬ ಹೆಸರು ಬಂದಿದೆ. ಕರ್ನಾಟಕದಲ್ಲಿ ಗಂಟಿಚೋರ, ಕೊರಚ, ಕೊರಮ, ಲಂಬಾಣಿ, ಭೋವಿ ಸಮುದಾಯಗಳು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿವೆ.

ಬೆರಳಚ್ಚಿನ ಪಾಠ

ಬೆರಳಚ್ಚನ್ನು ವೈಜ್ಞಾನಿಕವಾಗಿ ವರ್ಗೀಕರಿಸಿದ ಫ್ರಾನ್ಸಿಸ್ ಗಾಲ್ಟನ್ ಅದರಿಂದ ಜನಾಂಗ ಮತ್ತು ಸ್ವಭಾವವನ್ನೂ ಗುರುತಿಸಬಹುದೆಂದು ಹಾರೈಸಿದ್ದ. 1892ರ ತನ್ನ ಪುಸ್ತಕದಲ್ಲಿ ಆ ನಿರೀಕ್ಷೆ ಹುಸಿಯಾಯಿತೆಂದು ಅವನೇ ಬರೆದ. ಬೆರಳಗೆರೆಗಳು ಇವನು ಯಾರು ಎಂದು ಹೇಳುತ್ತವೆ, ಎಂಥವನು ಎಂದು ಹೇಳುವುದಿಲ್ಲ. ಇಂದಿನ ಡಿಎನ್‌ಎ ಗುರುತು ಪರೀಕ್ಷೆಗೂ ಇದೇ ಮಾತು ಸಲ್ಲುತ್ತದೆ. ಸ್ಥಳದಲ್ಲಿ ಸಿಕ್ಕ ರಕ್ತದ ಕಲೆ ಯಾರದೆಂದು ಅದು ತಿಳಿಸುತ್ತದೆ. ಆತ ಕೊಲೆ ಮಾಡುವ ಸ್ವಭಾವದವನೇ ಎಂಬುದು ಆ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ.

ಅವಳಿಗಳು, ದತ್ತು ಮಕ್ಕಳು, ವಂಶವಾಹಿಗಳು

ಅನುವಂಶೀಯತೆಯನ್ನೂ ಬೆಳೆದ ವಾತಾವರಣವನ್ನೂ ಬಿಡಿಸಿ ನೋಡಲು ಇಪ್ಪತ್ತನೆಯ ಶತಮಾನದ ಸಂಶೋಧಕರು ಅವಳಿಗಳನ್ನೂ ದತ್ತು ಮಕ್ಕಳನ್ನೂ ಆಯ್ದುಕೊಂಡರು. ಡೆನ್ಮಾರ್ಕಿನ ಕಾರ್ಲ್ ಕ್ರಿಸ್ಟಿಯಾನ್‌ಸನ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಳಿ ಗಂಡಸರಲ್ಲಿ ಒಬ್ಬ ಅಪರಾಧಿಯಾಗಿದ್ದಾಗ ಇನ್ನೊಬ್ಬನೂ ಆಗಿದ್ದ ಪ್ರಮಾಣ ತದ್ರೂಪಿ ಜೋಡಿಗಳಲ್ಲಿ ಶೇ. 35, ಉಳಿದ ಜೋಡಿಗಳಲ್ಲಿ ಶೇ. 13. ವಂಶವಾಹಿಗೆ ಪಾಲಿದೆ ಎಂಬುದು ಇದರಿಂದ ಕಾಣುತ್ತದೆ. ತದ್ರೂಪಿಗಳಲ್ಲೂ ಮೂವರಲ್ಲಿ ಇಬ್ಬರು ತಮ್ಮ ಜೋಡಿಯ ದಾರಿ ಹಿಡಿಯಲಿಲ್ಲ ಎಂಬುದೂ ಕಾಣುತ್ತದೆ.

1984ರಲ್ಲಿ ಸರ್ನಾಫ್ ಮೆಡ್ನಿಕ್ ಮತ್ತು ಸಂಗಡಿಗರು ಡೆನ್ಮಾರ್ಕಿನ 14,427 ದತ್ತು ಮಕ್ಕಳ ದಾಖಲೆ ನೋಡಿದರು. ಹೆತ್ತವರೂ ಸಾಕಿದವರೂ ಅಪರಾಧಿಗಳಲ್ಲದಾಗ ಗಂಡುಮಕ್ಕಳಲ್ಲಿ ಶಿಕ್ಷೆಗೊಳಗಾದವರು ಶೇ. 13.5, ಸಾಕಿದವರು ಮಾತ್ರ ಅಪರಾಧಿಗಳಾಗಿದ್ದಾಗ ಶೇ. 14.7, ಹೆತ್ತವರು ಮಾತ್ರ ಆಗಿದ್ದಾಗ ಶೇ. 20; ಇಬ್ಬರೂ ಆಗಿದ್ದಾಗ ಶೇ. 24.5. ಹೆತ್ತವರೊಡನೆ ಈ ಸಂಬಂಧ ಆಸ್ತಿಗೆ ಸಂಬಂಧಿಸಿದ ಅಪರಾಧಗಳಲ್ಲಿ ಕಂಡಿತು, ಹಿಂಸೆಯ ಅಪರಾಧಗಳಲ್ಲಿ ಕಾಣಲಿಲ್ಲ. ಅಪರಾಧಿಗೆ ಹುಟ್ಟಿದ ಐವರು ಗಂಡುಮಕ್ಕಳಲ್ಲಿ ನಾಲ್ವರು ಶಿಕ್ಷೆಗೇ ಒಳಗಾಗಲಿಲ್ಲ ಎಂಬುದು ಇದೇ ಕೋಷ್ಟಕದ ಇನ್ನೊಂದು ಮುಖ.

ಗಂಡಸರಲ್ಲಿ ಒಂದು ವೈ ವರ್ಣತಂತು ಹೆಚ್ಚಾಗಿದ್ದರೆ ಅವರು ಕ್ರೂರಿಗಳಾಗುತ್ತಾರೆ ಎಂಬ ಸುದ್ದಿ 1965ರ ಸ್ಕಾಟ್ಲೆಂಡಿನ ಒಂದು ಅಧ್ಯಯನದ ಬಳಿಕ ಹಬ್ಬಿತು. 1976ರಲ್ಲಿ ಡೆನ್ಮಾರ್ಕಿನ 4,000ಕ್ಕೂ ಹೆಚ್ಚು ಎತ್ತರದ ಗಂಡಸರನ್ನು ಪರೀಕ್ಷಿಸಿದಾಗ ಅಂಥವರು ಸಿಕ್ಕಿದ್ದು 12 ಮಂದಿ. ಅವರಲ್ಲಿ ಐವರಿಗೆ ಶಿಕ್ಷೆಯಾಗಿತ್ತು, ಬಹುತೇಕ ಸಣ್ಣಪುಟ್ಟ ತಪ್ಪುಗಳಿಗೆ. ಕ್ರೌರ್ಯದ ಕಥೆ ಅಲ್ಲಿಗೆ ಬಿದ್ದಿತು.

ಮಿದುಳಿನ ನರವಾಹಕ ರಾಸಾಯನಿಕಗಳನ್ನು ವಿಘಟಿಸುವ ಎಂಎಒಎ ಎಂಬ ಕಿಣ್ವದ ವಂಶವಾಹಿ 1993ರಲ್ಲಿ ಸುದ್ದಿಯಾಯಿತು. ನೆದರ್ಲೆಂಡ್ಸಿನ ಒಂದು ಕುಟುಂಬದಲ್ಲಿ ಆ ಕಿಣ್ವವೇ ಇಲ್ಲದ ಗಂಡಸರಲ್ಲಿ ಆಕ್ರಮಣಶೀಲತೆ ಕಂಡಿತ್ತು. 2002ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ ಹುಡುಗರನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನ ಇನ್ನೊಂದು ವಿಷಯ ಸೇರಿಸಿತು: ಕಿಣ್ವ ಕಡಿಮೆಯಿದ್ದು ಬಾಲ್ಯದಲ್ಲಿ ಹೊಡೆತ, ನಿರ್ಲಕ್ಷ್ಯ ಅನುಭವಿಸಿದವರಲ್ಲಿ ಅಪಾಯ ಹೆಚ್ಚು, ಅದೇ ವಂಶವಾಹಿ ಇದ್ದರೂ ಅಕ್ಕರೆಯಲ್ಲಿ ಬೆಳೆದವರಲ್ಲಿ ಹಾಗಿಲ್ಲ. ನಂತರದ ಅಧ್ಯಯನಗಳೆಲ್ಲ ಇದನ್ನು ಒಂದೇ ಸಮನೆ ಬೆಂಬಲಿಸಿಲ್ಲ. ಅಪರಾಧಕ್ಕೆಂದೇ ಒಂದು ವಂಶವಾಹಿ ಇಲ್ಲ, ತೀರಾ ಚಿಕ್ಕ ಪ್ರಭಾವದ ಬಹಳಷ್ಟು ವಂಶವಾಹಿಗಳು ಸ್ವಭಾವದಲ್ಲಿ ಪಾಲುಗೊಳ್ಳುತ್ತವೆ ಎಂಬುದು ಈಗಿನ ಒಪ್ಪಿತ ನಿಲುವು.

ಇಂಥ ಅಂಕಿಗಳನ್ನು ಸಮುದಾಯಗಳ ನಡುವಿನ ವ್ಯತ್ಯಾಸಕ್ಕೆ ಹಚ್ಚುವುದು ದೊಡ್ಡ ತಪ್ಪು. ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯ ಒಂದೇ ಚೀಲದ ಬೀಜವನ್ನು ನೀರಾವರಿಯ ಎರೆಹೊಲಕ್ಕೂ ಮಳೆ ಕೈಕೊಟ್ಟ ಮಸಾರಿಗೂ ಬಿತ್ತಿದರೆ, ಒಂದೇ ಹೊಲದ ಗಿಡಗಿಡಗಳ ನಡುವಣ ವ್ಯತ್ಯಾಸದಲ್ಲಿ ಬೀಜದ ಪಾಲು ಇರುತ್ತದೆ. ಎರಡು ಹೊಲಗಳ ಇಳುವರಿಯ ಅಂತರಕ್ಕೆ ಕಾರಣ ಮಣ್ಣು, ನೀರು. ಡೆನ್ಮಾರ್ಕಿನ ಅವಳಿಗಳಿಂದ ಧಾರವಾಡ ಜಿಲ್ಲೆಯ ಅಲೆಮಾರಿಗಳ ಬಗ್ಗೆ ತೀರ್ಪು ಕೊಡಲಾಗದು.

ಮಿದುಳು ಮತ್ತು ದೇಹ

ಹಣೆಯ ಹಿಂದಿನ ಮಿದುಳಿನ ಭಾಗ ಆತುರವನ್ನು ತಡೆಯುತ್ತದೆ, ಪರಿಣಾಮವನ್ನು ತೂಗುತ್ತದೆ. 1848ರಲ್ಲಿ ಕಬ್ಬಿಣದ ಸಲಾಕೆ ತಲೆಯನ್ನು ತೂರಿಹೋದ ಅಮೆರಿಕದ ರೈಲ್ವೆ ಕೆಲಸಗಾರ ಫಿನಿಯಸ್ ಗೇಜ್ ಬದುಕುಳಿದರೂ ಅವನ ಸ್ವಭಾವ ಬದಲಾಯಿತು ಎಂಬುದು ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧ. 1997ರಲ್ಲಿ ಏಡ್ರಿಯನ್ ರೇನ್ ಮತ್ತು ಸಂಗಡಿಗರು 41 ಕೊಲೆ ಆರೋಪಿಗಳ ಮಿದುಳಿನ ಚಿತ್ರಣದಲ್ಲಿ ಈ ಭಾಗದ ಚಟುವಟಿಕೆ ಕಡಿಮೆಯಿರುವುದನ್ನು ತೋರಿಸಿದರು. ಅವರೆಲ್ಲ ಮಾನಸಿಕ ಅಸ್ವಸ್ಥತೆಯ ವಾದ ಹೂಡಿದವರಾದ್ದರಿಂದ ಎಲ್ಲ ಕೊಲೆಗಾರರಿಗೂ ಅದು ಅನ್ವಯಿಸದು ಎಂದು ಸಂಶೋಧಕರೇ ಎಚ್ಚರಿಸಿದರು.

ತಡೆಯಬಹುದಾದ ಕಾರಣಗಳು ಸಿಗುವುದು ಇದೇ ಕ್ಷೇತ್ರದಲ್ಲಿ. ತಲೆಗೆ ಬಿದ್ದ ಪೆಟ್ಟು, ಬಸುರಿನಲ್ಲಿ ಮದ್ಯಸೇವನೆ, ಬಾಲ್ಯದ ಅಪೌಷ್ಟಿಕತೆ, ಸೀಸದ ವಿಷ ಮಿದುಳಿನ ಬೆಳವಣಿಗೆಗೆ ಧಕ್ಕೆ ತರುತ್ತವೆ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ 2000ದಲ್ಲಿ ನಿಂತಿತು. ಇಂಗ್ಲೆಂಡಿನ ಜೈಲೊಂದರಲ್ಲಿ 231 ತರುಣ ಕೈದಿಗಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜೀವಸತ್ವ ಮತ್ತು ಖನಿಜಾಂಶದ ಮಾತ್ರೆ ಪಡೆದವರ ಶಿಸ್ತುಭಂಗಗಳು ಹುಸಿಮಾತ್ರೆ ಪಡೆದವರಿಗಿಂತ ಸುಮಾರು ಕಾಲುಭಾಗ ಕಡಿಮೆಯಾದವು. ಜೈವಿಕ ಕಾರಣವೆಂದರೆ ಹಣೆಬರಹ ಎಂದು ತಿಳಿಯುವುದು ಸರಿಯಲ್ಲ ಎಂಬುದಕ್ಕೆ ಇದು ಸಾಕ್ಷಿ.

ನ್ಯಾಯಾಲಯದಲ್ಲಿ

ಭಾರತೀಯ ಕಾನೂನು ದೇಹದ ಸ್ಥಿತಿಯನ್ನು ಸೀಮಿತವಾಗಿ ಒಪ್ಪುತ್ತದೆ. ಹಳೆಯ ದಂಡಸಂಹಿತೆಯ 84ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ಕೃತ್ಯದ ಸ್ವರೂಪ ತಿಳಿಯಲಾರದಷ್ಟು ಬುದ್ಧಿ ಅಸ್ವಸ್ಥವಾಗಿದ್ದವನಿಗೆ ಹೊಣೆಯಿಂದ ವಿನಾಯಿತಿ ಕೊಡುತ್ತದೆ. ಕಾಯಿಲೆ ಇದ್ದರೆ ಸಾಲದು, ಆ ಗಳಿಗೆಯಲ್ಲಿ ತಿಳಿವಳಿಕೆ ತಪ್ಪಿತ್ತು ಎಂದು ತೋರಿಸಬೇಕು. ರಾಜ್ಯದಲ್ಲಿ ಆರೋಪಿಯ ಮಾನಸಿಕ ಸ್ಥಿತಿಯನ್ನು ಪರೀಕ್ಷಿಸುವ ಪರಿಣತಿಯುಳ್ಳ ಸರ್ಕಾರಿ ಸಂಸ್ಥೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಹಾವೇರಿಗೆ ಹತ್ತಿರದ ಧಾರವಾಡದ ಡಿಮ್ಹಾನ್ಸ್ ಮುಖ್ಯ. ಹೊರದೇಶದಲ್ಲಿ ಇದಕ್ಕಿಂತ ಮುಂದೆ ಹೋದದ್ದೂ ಉಂಟು: ಇಟಲಿಯ ಟ್ರಿಯೆಸ್ಟೆಯ ನ್ಯಾಯಾಲಯವೊಂದು 2009ರಲ್ಲಿ ಆರೋಪಿಯ ವಂಶವಾಹಿಯನ್ನೂ ಪರಿಗಣಿಸಿ ಶಿಕ್ಷೆ ತಗ್ಗಿಸಿತು.

ಮಿದುಳಿನಿಂದ ಸತ್ಯ ಹೊರತೆಗೆಯುವ ಉಮೇದಿಗೆ ಕಡಿವಾಣ ಬಿದ್ದದ್ದು ಕರ್ನಾಟಕದಿಂದ ಹೋದ ಪ್ರಕರಣದಲ್ಲಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಮ್ಯಾಪಿಂಗ್ ಮಾಡುವುದು ಸಂವಿಧಾನಬಾಹಿರ ಎಂದಿತು. 2022ರ ದಂಡಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಬೆರಳಚ್ಚಿನ ಜೊತೆ ಜೈವಿಕ ಮಾದರಿಗಳನ್ನೂ ಸಂಗ್ರಹಿಸಲು ಪೊಲೀಸರಿಗೆ ಅಧಿಕಾರ ಕೊಟ್ಟಿದೆ.

ಉಳಿದುಬಂದದ್ದು

ಅಪರಾಧಿ ಬುಡಕಟ್ಟುಗಳ ಕಾಯ್ದೆ ಹೋದ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾನೂನು ತಂದವು, ಕರ್ನಾಟಕದ್ದು 1961ರದು. ಅದು ಬರಹದಲ್ಲಿ ಸಮುದಾಯವನ್ನಲ್ಲ, ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ನೋಂದಾಯಿಸುತ್ತದೆ. ಆದರೂ ಎಲ್ಲಾದರೂ ಕಳವಾದರೆ ವಿಮುಕ್ತರ ಓಣಿಯ ಕಡೆ ಮೊದಲು ಕಣ್ಣು ಹಾಯುವ ಅಭ್ಯಾಸದ ಬಗ್ಗೆ ಆ ಸಮುದಾಯಗಳ ದೂರು ನಿಂತಿಲ್ಲ. ವಿಮುಕ್ತ, ಅಲೆಮಾರಿ ಸಮುದಾಯಗಳ ಸ್ಥಿತಿ ನೋಡಲು ನೇಮಕವಾದ ರೆಣಕೆ ಆಯೋಗದ 2008ರ ವರದಿಯೂ ನಂತರದ ಇದಾತೆ ಆಯೋಗದ ವರದಿಯೂ ಇದನ್ನು ಎತ್ತಿ ಹೇಳಿದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜೈಲು ಕೈಪಿಡಿಗಳಲ್ಲಿ ಜಾತಿಯ ಪ್ರಕಾರ ಕೆಲಸ ಹಂಚುವುದನ್ನೂ ವಿಮುಕ್ತರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವುದನ್ನೂ ರದ್ದುಪಡಿಸಿ, ಜೈಲು ದಾಖಲೆಗಳಿಂದ ಜಾತಿಯ ಕಾಲಮು ತೆಗೆಯಲು ಆದೇಶಿಸಿತು.

ಒಟ್ಟಾರೆ, ಒಬ್ಬ ವ್ಯಕ್ತಿಯ ಮುಂಗೋಪ, ಗಾಯಗೊಂಡ ಮಿದುಳು, ಬಾಲ್ಯದ ಹಸಿವುಗಳ ಬಗ್ಗೆ ಜೀವವಿಜ್ಞಾನಕ್ಕೆ ಹೇಳಲು ಸಾಕಷ್ಟಿದೆ, ಮತ್ತು ಆ ತಿಳಿವಳಿಕೆ ಚಿಕಿತ್ಸೆಗೂ ಮುಂಜಾಗ್ರತೆಗೂ ಒದಗುತ್ತದೆ. ಒಂದು ಜಾತಿ ಅಥವಾ ಬುಡಕಟ್ಟು ಏಕೆ ಕದಿಯುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಿಲ್ಲ, ಪ್ರಶ್ನೆಯೇ ತಪ್ಪಾಗಿತ್ತು. 1911ರಿಂದ 1949ರವರೆಗೆ ಧಾರವಾಡ ಜಿಲ್ಲೆಯಲ್ಲಿ ಅಂಥ ಪ್ರಶ್ನೆಯ ಮೇಲೆ ಕಾನೂನು ನಡೆಯಿತು, ಅದಕ್ಕೆ ಆಧಾರವಾಗಿ ಒಂದು ಜೈವಿಕ ಪುರಾವೆಯನ್ನೂ ಯಾರೂ ಮುಂದಿಡಲಿಲ್ಲ.